ಬಿಟ್ಟುಕೊಟ್ಟ ಅರ್ಧ

ಜನವರಿ 19

ತಮ್ಮಾ,

ಫೋನ್ ಮಾಡದೆ ಕಾಗದ ಬರೆಯುತ್ತಿರುವುದಕ್ಕೆ ಕಾರಣ ನಿನಗೆ ಗೊತ್ತು. ಫೋನಿನಲ್ಲಿ ನಾವಿಬ್ಬರೂ ಮೂರನೇ ಮಾತಿಗೆ ಜಗಳಕ್ಕೆ ನಿಲ್ಲುತ್ತೇವೆ. ಕಾಗದದಲ್ಲಾದರೆ ನನ್ನ ಸರದಿ ಮುಗಿಯುವವರೆಗೆ ನೀನು ಬಾಯಿ ಹಾಕುವಂತಿಲ್ಲ.

ವಿಷಯ ಲಾಂಡ್ರಿಯದು. ಪಕ್ಕದ ಔಷಧಿ ಅಂಗಡಿಯವರು ನಮ್ಮ ಜಾಗ ಕೇಳುತ್ತಿದ್ದಾರೆ. ನಡುವಿನ ಗೋಡೆ ಒಡೆದು ಎರಡನ್ನೂ ಒಂದು ಮಾಡುವ ಯೋಚನೆ ಅವರದು. ಕಟ್ಟಡ ನಮ್ಮದಲ್ಲ ಅನ್ನುವುದು ನಿನಗೆ ನೆನಪಿರಬಹುದು. ಅಪ್ಪ ಕಟ್ಟಡದ ಮಾಲೀಕರಿಗೆ ಒಂದೇ ಸಲ ದೊಡ್ಡ ಮೊತ್ತ ಕೊಟ್ಟು ಐವತ್ತು ವರ್ಷಕ್ಕೆ ಲೀಸ್ ಬರೆಸಿಕೊಂಡಿದ್ದರು. ತಿಂಗಳ ಬಾಡಿಗೆ ಹೆಸರಿಗಷ್ಟೇ. ಅದರಲ್ಲಿ ಇನ್ನೂ ಇಪ್ಪತ್ತು ವರ್ಷ ಉಳಿದಿದೆ. ಔಷಧಿಯವರು ಕೊಳ್ಳುವುದು ಆ ಉಳಿದ ವರ್ಷಗಳನ್ನು. ಗಾಳಿ ಮಾರಿದ ಹಾಗೆ ಅನ್ನಿಸುತ್ತದೆ ನನಗೆ, ಆದರೆ ಅವರು ಹೇಳಿದ ಬೆಲೆ ಗಾಳಿಯದಲ್ಲ. ಮಾಲೀಕರು ಒಪ್ಪಿದ್ದಾರೆ. ಲೀಸ್ ಪತ್ರದಲ್ಲಿ ಅಪ್ಪ ನಮ್ಮಿಬ್ಬರ ಹೆಸರನ್ನೂ ಸೇರಿಸಿದ್ದರು, ಅವರು ಹೋದ ಮೇಲೆ ಅದು ನಮ್ಮಿಬ್ಬರಿಗೆ ಸಮಸಮ ಬಂದದ್ದರಿಂದ ನಿನ್ನ ಸಹಿಯೂ ಬೇಕು.

ಯಾಕೆ ಈಗ ಎಂದು ಕೇಳುತ್ತೀಯ. ಬಾಯ್ಲರ್‌ಗೆ ವಯಸ್ಸಾಯಿತು. ಬೆಳಿಗ್ಗೆ ಬಿಸಿಯಾಗುವುದಕ್ಕೆ ಒಂದು ಗಂಟೆ ಬೇಡುತ್ತದೆ, ಮಧ್ಯಾಹ್ನದ ಹೊತ್ತಿಗೆ ನಿಂತುಬಿಡುತ್ತದೆ. ರಿಪೇರಿಯವರು ನೋಡಿ ತಲೆ ಅಲ್ಲಾಡಿಸಿದರು. ಅಂಗಡಿಯಲ್ಲಿ ಈಗ ನಾನು ಮತ್ತು ಇಸ್ತ್ರಿಗೆ ನಮ್ಮ ಮೌನಿ, ಇಬ್ಬರೇ. ಮೌನಿ ಈಗಲೂ ಬೆಳಿಗ್ಗೆ ಬಾಯಿ ತೆರೆದರೆ ಶಟರ್ ಎಳೆಯುವಾಗಲೇ ಮುಚ್ಚುವುದು. ಆ ಹೆಸರಿಟ್ಟವನು ನೀನೇ.

ಲೀಸ್ ಹೋದರೆ ಅಂಗಡಿಯ ಹಿಂದಿನ ಕೋಣೆಯೂ ಹೋಗುತ್ತದೆ, ಅಂದರೆ ನಾನು ಮಲಗುವ ಜಾಗ. ಅದಕ್ಕೆ ಹಿಂದಿನ ಬೀದಿಯಲ್ಲಿ ಒಂದು ಮನೆ ನೋಡಿಟ್ಟಿದ್ದೇನೆ. ನೆಲಮಟ್ಟದಲ್ಲಿದೆ, ಎರಡು ಕೋಣೆ, ಹೊಸ್ತಿಲು ಕೂಡ ಎತ್ತರವಿಲ್ಲ. ಮನೆಯವರು ಏಪ್ರಿಲ್ ಕೊನೆಯವರೆಗೆ ಕಾಯುತ್ತೇನೆ ಅಂದಿದ್ದಾರೆ.

ಯಾವಾಗ ಬರಬಹುದು, ಬರೆ.

ನಿನ್ನ ಅಕ್ಕ


ಫೆಬ್ರವರಿ 23

ಅಕ್ಕಾ,

ಕಾಗದ ತಡವಾಗಿ ಕೈಗೆ ಬಂತು, ಉತ್ತರವೂ ತಡ. ನಾನೀಗ ಹಳೆಯ ರೂಮಿನಲ್ಲಿಲ್ಲ. ಕಂಪನಿಯವರು ಊರಾಚೆ ಕ್ವಾರ್ಟರ್ಸ್ ಕೊಟ್ಟಿದ್ದಾರೆ, ನಾಲ್ಕನೇ ಬ್ಲಾಕ್. ಊಟ ತಿಂಡಿ ಇಲ್ಲಿಯೇ. ಕಿಟಕಿಯಲ್ಲಿ ಎರಡು ಮರ, ಒಂದು ನೀರಿನ ಟ್ಯಾಂಕು ಕಾಣುತ್ತವೆ. ಕೆಲಸ ಈಗ ಹಗುರ, ಕೂತು ಮಾಡುವಂಥದು. ಇಷ್ಟು ವರ್ಷ ಲಿಫ್ಟ್ ರಿಪೇರಿ ಮಾಡಿ ಊರಿನವರನ್ನೆಲ್ಲ ಮೇಲೆ ಕಳಿಸಿದೆ, ನಾನು ಮಾತ್ರ ನೆಲಮಾಳಿಗೆಯಲ್ಲೇ ಉಳಿದೆ ಎಂದು ಇಲ್ಲಿ ಒಬ್ಬರಿಗೆ ಹೇಳಿದೆ. ಅವರಿಗೆ ನಗು ಬರಲಿಲ್ಲ.

ಲಾಂಡ್ರಿ ಮಾರುವುದಕ್ಕೆ ನನ್ನ ಅಡ್ಡಿಯಿಲ್ಲ. ಬಾಯ್ಲರ್ ಹಾಳಾದರೆ ಬೇರೆ ಹಾಕಿಸಬಹುದಲ್ಲ ಅನ್ನಿಸಿತು, ಆದರೆ ದಿನಾ ಅದರ ಮುಂದೆ ನಿಲ್ಲುವವಳು ನೀನು.

ಬರುವುದು ಸ್ವಲ್ಪ ಕಷ್ಟ. ರಜೆ ಸಿಗುವುದಿಲ್ಲ. ಅಂಚೆಯಲ್ಲಿ ಕಳಿಸಿದರೆ ಇಲ್ಲಿಂದಲೇ ಸಹಿ ಮಾಡಿ ಕಳಿಸಬಹುದೇ, ಕೇಳು.

ಇನ್ನೊಂದು ಮಾತು. ಒಬ್ಬಳಿಗೆ ಎರಡು ಕೋಣೆ ಯಾಕೆ? ಒಂದನ್ನು ಬಾಡಿಗೆಗೆ ಕೊಡುವ ಯೋಚನೆಯೇ? ನಿನ್ನ ಅರ್ಧದಲ್ಲಿ ಆ ಮನೆ ಬರುತ್ತದಾ? ಮಾರಿದರೆ ತೆರಿಗೆ ಬೀಳುತ್ತದೆ ಎಂದು ಇಲ್ಲಿಯವರೊಬ್ಬರು ಹೇಳಿದರು, ಅದನ್ನೂ ವಿಚಾರಿಸು.

ತಮ್ಮ


ಮಾರ್ಚ್ 6

ತಮ್ಮಾ,

ಅಕ್ಕ ಹೇಗಿದ್ದೀಯ ಅನ್ನುವ ಒಂದು ಸಾಲು ಬಿಟ್ಟು ಮಿಕ್ಕದ್ದೆಲ್ಲ ಕೇಳಿದ್ದೀಯ. ಇರಲಿ.

ತೆರಿಗೆ ವಿಚಾರಿಸಿದೆ. ಅಪ್ಪನ ಕಾಲದಿಂದ ನಮ್ಮ ಲೆಕ್ಕ ನೋಡುವ ಮಾಮನ ಹತ್ತಿರ ಹೋಗಿದ್ದೆ. ಈಗ ಕಿವಿ ಸ್ವಲ್ಪ ಮಂದ, ಉಳಿದದ್ದೆಲ್ಲ ಚುರುಕು. ಲೀಸ್ ಕೂಡ ಒಂದು ಆಸ್ತಿಯೇ ಅಂತೆ. ಅದನ್ನು ಇನ್ನೊಬ್ಬರಿಗೆ ವರ್ಗಾಯಿಸಿ ಹಣ ತಗೊಂಡರೆ, ಬಂದ ಹಣದಲ್ಲಿ ಅಪ್ಪ ಕೊಟ್ಟಿದ್ದ ಮೊತ್ತ ಕಳೆಯಬೇಕು, ಜಾಗಕ್ಕೆ ನಾವು ಹಾಕಿಸಿದ ನೆಲ, ಪೈಪು ಮುಂತಾದ ಖರ್ಚು ಕಳೆಯಬೇಕು. ಉಳಿದದ್ದು ಲಾಭ. ಅದರ ಮೇಲೆ ಬಂಡವಾಳ ಲಾಭದ ತೆರಿಗೆ. ಅಪ್ಪ ಕೊಟ್ಟದ್ದನ್ನೂ ಪೂರ್ತಿ ಕಳೆಯಲು ಬಿಡುವುದಿಲ್ಲ. ಐವತ್ತು ವರ್ಷದಲ್ಲಿ ಮೂವತ್ತು ಬಳಸಿ ಆಗಿದೆ, ಬಳಸಿದ್ದು ಸವೆದುಹೋಯಿತು, ಇನ್ನು ಉಳಿದ ಇಪ್ಪತ್ತರ ಪಾಲು ಮಾತ್ರ ಲೆಕ್ಕಕ್ಕೆ.

“ಆ ಮೂವತ್ತು ವರ್ಷ ಅದೇ ಒದ್ದೆ ನೆಲದ ಮೇಲೆ ನಾನೂ ಸವೆದಿದ್ದೀನಲ್ಲ ಮಾಮ, ಅದನ್ನೆಲ್ಲಿ ಕಳೀತೀರಿ?” ಅಂದೆ.

“ಅದಕ್ಕೆ ಕಾಲಂ ಇಲ್ಲಮ್ಮ,” ಅಂದರು.

ಒಂದು ಒಳ್ಳೆಯ ಸುದ್ದಿಯೂ ಇದೆ. ಲೀಸ್ ಇಬ್ಬರ ಹೆಸರಿನಲ್ಲಿರುವುದರಿಂದ ಲಾಭವೂ ಎರಡು ಪಾಲಾಗುತ್ತದೆ. ಒಬ್ಬೊಬ್ಬರಿಗೂ ಇಂತಿಷ್ಟು ಲಾಭದವರೆಗೆ ತೆರಿಗೆಯೇ ಇಲ್ಲ, ಆಮೇಲಿನದಕ್ಕೂ ಸಣ್ಣ ಪಾಲಾದರೆ ದರ ಕಡಿಮೆ. ಒಬ್ಬರೇ ಮಾರಿದರೆ ಬೀಳುವುದಕ್ಕಿಂತ ಬಹಳ ಹಗುರ ಅಂತೆ. ಅಪ್ಪ ನಿನ್ನ ಹೆಸರನ್ನೂ ಸೇರಿಸಿದ್ದು ಈಗ ಉಪಯೋಗಕ್ಕೆ ಬಂತು. ಇಸ್ತ್ರಿ ಪೆಟ್ಟಿಗೆಯನ್ನು ಯಾವ ಕಡೆ ಹಿಡಿಯಬೇಕೆಂದು ಗೊತ್ತಿಲ್ಲದವನಿಗೆ ಅರ್ಧ ಲಾಂಡ್ರಿ ಅಂತ ಮೌನಿ ಯಾವಾಗಲೂ ಆಡಿಕೊಳ್ಳುತ್ತಿದ್ದ, ನೋಡು.

ನನ್ನ ಅರ್ಧದಲ್ಲಿ ಆ ಮನೆ ಬರುವುದಿಲ್ಲ. ನಿನ್ನ ಅರ್ಧದ ಬಗ್ಗೆ ನನಗೊಂದು ಯೋಚನೆ ಇದೆ. ಬರೆಯುವಂಥದಲ್ಲ, ನೀನು ಸಹಿಗೆ ಬಂದಾಗ ಹೇಳುತ್ತೇನೆ. ನೀನೇ ಬರಬೇಕು. ಅಂಚೆಯಲ್ಲಿ ಸಹಿ ಆಗುತ್ತದೋ ಇಲ್ಲವೋ ನಾನು ಕೇಳಲಿಲ್ಲ, ಕೇಳುವುದೂ ಇಲ್ಲ. ರಜೆ ಕೊಡದ ಕಂಪನಿ ಯಾವುದಿದೆ?

ಅಕ್ಕ


ಏಪ್ರಿಲ್ 2

ಅಕ್ಕಾ,

ನಿನ್ನ ಕಾಗದವನ್ನು ಎರಡು ಮೂರು ಸಲ ಓದಿದೆ. ಮೌನಿ ಆಡಿದ್ದು ಸರಿ. ನಾನು ಆ ಲಾಂಡ್ರಿಗೆ ಒಂದು ದಿನವೂ ದುಡಿದವನಲ್ಲ.

ಇದರ ಜೊತೆ ಕಳಿಸಿರುವುದು ಹಕ್ಕು ಬಿಡುಗಡೆ ಪತ್ರ. ನನ್ನ ಅರ್ಧವನ್ನು ನಿನಗೆ ಬಿಟ್ಟುಕೊಟ್ಟಿದ್ದೇನೆ. ನೋಂದಣಿ ಕಚೇರಿಯವರ ಎದುರಿಗೇ ಸಹಿ ಮಾಡಿದೆ, ಎಲ್ಲ ಕ್ರಮಪ್ರಕಾರ ಆಗಿದೆ. ಕಟ್ಟಡದ ಮಾಲೀಕರಿಗೂ ಒಂದು ಪ್ರತಿ ಹೋಗಿದೆ. ಇನ್ನು ಲೀಸ್ ಪೂರ್ತಿ ನಿನ್ನದು. ನನ್ನ ಸಹಿಗೆ, ರಜೆಗೆ ಕಾಯುವ ತೊಂದರೆ ನಿನಗಿಲ್ಲ. ಮನೆ ತಗೋ. ಎರಡು ಕೋಣೆಯಾದರೂ ಸರಿ, ನಾಲ್ಕಾದರೂ ಸರಿ.

ಕಾಗದ ಮಡಚಿಹೋಗದ ಹಾಗೆ ರಟ್ಟಿನ ಮೇಲಿಟ್ಟು ನನ್ನ ಹಳೆಯ ಬಿಳಿ ಶರ್ಟು ಸುತ್ತಿದ್ದೇನೆ. ಅದನ್ನು ಮೌನಿಗೆ ಒರೆಸುವ ಬಟ್ಟೆಗೆ ಕೊಡು.

ತಮ್ಮ


ಏಪ್ರಿಲ್ 15

ತಮ್ಮಾ,

ಯಾರು ಕೇಳಿದ್ದರು ನಿನ್ನನ್ನು?

ಪಾರ್ಸೆಲ್ ಬಿಚ್ಚಿ ಪತ್ರ ಓದಿದವಳು ನೇರ ಮಾಮನ ಹತ್ತಿರ ಹೋದೆ. ಅವರು ಎರಡೂ ಪುಟ ತಿರುವಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ನಿನ್ನ ತಮ್ಮ ಒಳ್ಳೇದು ಮಾಡೋಕೆ ಹೋಗಿದ್ದಾನೆ. ಒಂದು ಮಾತು ಕೇಳಿದ್ರೆ ನಾನೇ ಬೇಡ ಅಂತಿದ್ದೆ,” ಅಂದರು.

ಈಗ ಪೂರ್ತಿ ಲಾಭ ನನ್ನೊಬ್ಬಳ ತಲೆ ಮೇಲೆ. ನಿನ್ನ ಪಾಲಿಗೆ ಸಿಗಬೇಕಾಗಿದ್ದ ವಿನಾಯಿತಿ ಯಾರಿಗೂ ಇಲ್ಲದೆ ಹೋಯಿತು. ಲಾಭ ಒಂದೇ ಕಡೆ ಗುಡ್ಡೆಯಾದ್ದರಿಂದ ಮೇಲಿನ ದರ ಬೀಳುತ್ತದೆ. ನೀನು ಪುಕ್ಕಟೆ ಕೊಟ್ಟೆ ಎಂದು ಆ ಅರ್ಧಕ್ಕೆ ರಿಯಾಯಿತಿಯೇನೂ ಇಲ್ಲ, ಅದಕ್ಕೂ ಅಪ್ಪನ ಹಳೆಯ ಬೆಲೆಯೇ ಲೆಕ್ಕ. ತಿರುಗಿ ನಿನ್ನ ಹೆಸರಿಗೆ ಬರೆದುಕೊಡುತ್ತೇನೆ ಅಂದೆ. ಅದು ಇನ್ನೊಂದು ವರ್ಗಾವಣೆ ಅಂತೆ, ಅದಕ್ಕೆ ಇನ್ನೊಂದು ಶುಲ್ಕ, ಮಾಲೀಕರ ಒಪ್ಪಿಗೆ ಮತ್ತೆ ಹೊಸದಾಗಿ ಬೇಕು, ತಿಂಗಳುಗಟ್ಟಲೆ ಕೆಲಸ. ಔಷಧಿಯವರು ಈ ತಿಂಗಳ ಕೊನೆಗೆ ಆಗದಿದ್ದರೆ ಎದುರು ಸಾಲಿನ ಮಳಿಗೆ ತಗೊಳ್ಳುತ್ತಾರೆ. ಅದನ್ನೂ ನೋಡಿ ಬಂದಿದ್ದಾರೆ.

ಒಟ್ಟಿನಲ್ಲಿ ತೆರಿಗೆ ಎತ್ತಿಟ್ಟ ಮೇಲೆ ಹಿಂದಿನ ಬೀದಿಯ ಮನೆ ನನಗೆ ಎಟಕುವುದಿಲ್ಲ. ಮನೆಯವರಿಗೆ ಹೇಳಿ ಬಂದೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ, ಬೇರೆ ಗಿರಾಕಿ ಇದ್ದಾರೆ.

ಹಣದ ಮಾತು ಒಂದು ಕಡೆ ಇರಲಿ. ಅಪ್ಪನ ಹೆಸರಿನ ಪಕ್ಕ ನಿನ್ನ ಹೆಸರಿದ್ದದ್ದು ಅದೊಂದೇ ಕಾಗದದಲ್ಲಿ. ಅದನ್ನು ಹೊಡೆದುಹಾಕುವುದಕ್ಕೆ ಕಚೇರಿಗೆ ಹೋಗಲು ನಿನಗೆ ರಜೆ ಸಿಕ್ಕಿತು, ಇಲ್ಲಿಗೆ ಬರುವುದಕ್ಕೆ ಸಿಗಲಿಲ್ಲ. ನಮ್ಮ ಗೊಡವೆ ಬೇಡವಾಗಿದ್ದರೆ ಬೇಡ ಎಂದೇ ಬರೆಯಬಹುದಾಗಿತ್ತು. ಅದಕ್ಕೆ ನೋಂದಣಿ ಬೇಕಾಗಿರಲಿಲ್ಲ.

ಅಕ್ಕ


ಮೇ 20

ತಮ್ಮಾ,

ನನ್ನ ಹೋದ ಕಾಗದಕ್ಕೆ ನೀನು ಉತ್ತರ ಬರೆಯಲಿಲ್ಲ. ಬರೆಯುವಂಥ ಕಾಗದವೂ ಅದಾಗಿರಲಿಲ್ಲ. ಈಗ ನಾನು ಬರೆಯುತ್ತಿರುವುದು ಬೇರೆ ವಿಷಯಕ್ಕೆ.

ಲೀಸ್ ವರ್ಗಾವಣೆ ಹೋದ ತಿಂಗಳ ಕೊನೆಗೆ ಮುಗಿಯಿತು. ತೆರಿಗೆಯ ಪಾಲನ್ನು ಮಾಮ ಬೇರೆ ಖಾತೆಗೆ ಹಾಕಿಸಿದರು. “ಇದನ್ನ ನಿನ್ನ ದುಡ್ಡು ಅಂದ್ಕೋಬೇಡ, ಕನಸಲ್ಲೂ ಮುಟ್ಟಬೇಡ,” ಅಂದರು. ಅಂಗಡಿ ಖಾಲಿ ಮಾಡಲು ಔಷಧಿಯವರು ಮೂರು ವಾರ ಕೊಟ್ಟಿದ್ದರು. ಬೇರೆ ಮನೆ ಸಿಗುವವರೆಗೆ ನಾನು ಮೌನಿಯ ಮನೆಯಲ್ಲಿ. ಕೊನೆಯ ದಿನ ಗಿರಾಕಿಗಳ ಬಟ್ಟೆ ಎಲ್ಲ ಮುಗಿದ ಮೇಲೆ ಬಾಯ್ಲರ್‌ನಲ್ಲಿ ಇನ್ನೂ ಸ್ವಲ್ಪ ಆವಿ ಇತ್ತು. ದಂಡ ಮಾಡುವುದು ಯಾಕೆಂದು ನಮ್ಮದೇ ಕರ್ಟನ್ನು, ಮೌನಿಯ ಎರಡು ಪ್ಯಾಂಟು, ಕಪಾಟಿನ ಮೂಲೆಯಲ್ಲಿ ಬಿದ್ದಿದ್ದ ನಿನ್ನ ಶರ್ಟು ಹಾಕಿದೆ.

ಇಸ್ತ್ರಿ ಮಾಡುತ್ತಿದ್ದ ಮೌನಿ ಮಾತು ನಿಲ್ಲಿಸಿದ. ನನಗೆ ಅದೇ ಗಾಬರಿಯಾಯಿತು. ಶರ್ಟನ್ನು ತಂದು ನನ್ನ ಮುಂದೆ ಹರಡಿ, ಬದಿಯ ಹೊಲಿಗೆಯ ಒಳಗಡೆ ತೋರಿಸಿದ.

ಲಾಂಡ್ರಿಯವರು ಬಟ್ಟೆಗೆ ಶಾಯಿಯ ಗುರುತು ಹಾಕುವುದು ನಿನಗೆ ಗೊತ್ತು. ಗಿರಾಕಿಯ ಬಟ್ಟೆಯಾದರೆ ಕಾಲರ್ ಒಳಗೆ, ಅಕ್ಷರ ಒಂದು, ನಂಬರ್ ಒಂದು. ಆದರೆ ನಾವು ಆಸ್ಪತ್ರೆಗಳ ಬಟ್ಟೆ ಒಗೆಯುತ್ತಿದ್ದ ಕಾಲದಲ್ಲಿ ನೀನು ಊರು ಬಿಟ್ಟಾಗಿತ್ತು, ಅದರ ರೀತಿ ನೀನು ನೋಡಿಲ್ಲ. ಆಸ್ಪತ್ರೆಯ ಸ್ವಂತ ಬಟ್ಟೆಗೆ ನಡುವೆ ದೊಡ್ಡ ಗುರುತು. ರೋಗಿಯ ಸ್ವಂತ ಬಟ್ಟೆಗೆ ಬದಿಯ ಹೊಲಿಗೆಯಲ್ಲಿ ಸಣ್ಣದು, ಕಟ್ಟಡ, ವಾರ್ಡು, ಹಾಸಿಗೆಯ ನಂಬರು, ಕೆಳಗೊಂದು ಗೆರೆ. ಗೆರೆ ಅಂದರೆ ಇದು ಮನೆಯಿಂದ ತಂದದ್ದು, ಹೋಗುವಾಗ ವಾಪಸು ಕೊಡಬೇಕು ಎಂದು.

ನಿನ್ನ ಶರ್ಟಿನಲ್ಲಿ ನಾಲ್ಕು, ಬಿ, ಹದಿನೇಳು, ಕೆಳಗೆ ಗೆರೆ. ಆ ಶಾಯಿ ಕೆಲವು ತಿಂಗಳಿಗೆ ಮಾಸುತ್ತದೆ, ಅದರ ಮೇಲೆಯೇ ಮತ್ತೆ ಬರೆಯುತ್ತಾರೆ. ನಿನ್ನ ಶರ್ಟಿನಲ್ಲಿ ಒಂದರ ಮೇಲೊಂದು ಮೂರು ಸಲ ಬರೆದ ಗುರುತಿದೆ.

ನಾಲ್ಕನೇ ಬ್ಲಾಕ್, ಊಟ ತಿಂಡಿ ಅಲ್ಲಿಯೇ, ಕೂತು ಮಾಡುವ ಕೆಲಸ.

ನಾನು ಬೈಯುವುದಿಲ್ಲ. ಯಾವ ಆಸ್ಪತ್ರೆ, ಏನಾಗಿದೆ, ಎಂದಿನಿಂದ, ಅಷ್ಟು ಬರೆ.

ಅಕ್ಕ


ಜೂನ್ 4

ಅಕ್ಕಾ,

ಒರೆಸುವ ಬಟ್ಟೆ ಮಾಡು ಎಂದು ಬರೆದಿದ್ದೆ. ನೀನು ಒಗೆಯಲು ಹಾಕುತ್ತೀಯ ಎಂದು ನನಗೆ ಹೊಳೆಯಬೇಕಾಗಿತ್ತು.

ಆಸ್ಪತ್ರೆ ಎಂದರೆ ಪೂರ್ತಿ ಆಸ್ಪತ್ರೆಯಲ್ಲ. ಪೆಟ್ಟಾದವರನ್ನು ಬಹಳ ದಿನ ಇಟ್ಟುಕೊಂಡು ಕೈಕಾಲು ಆಡಿಸುವುದನ್ನು ಮತ್ತೆ ಕಲಿಸುವ ಜಾಗ. ಬಂದು ಒಂದೂವರೆ ವರ್ಷವಾಯಿತು. ಒಂದು ಹಳೆಯ ಕಟ್ಟಡದ ಲಿಫ್ಟ್ ನೋಡಲು ಹೋಗಿದ್ದೆ. ಬಾಗಿಲು ಸರಿಯಾಗಿ ಮುಚ್ಚದಿದ್ದರೆ ಲಿಫ್ಟ್ ಅಲುಗಾಡಬಾರದು, ಅದಕ್ಕೆಂದೇ ಬಾಗಿಲಲ್ಲಿ ಒಂದು ಸ್ವಿಚ್ ಇರುತ್ತದೆ. ಅದು ಪದೇಪದೇ ಕೈಕೊಡುತ್ತದೆ ಎಂದು ಯಾರೋ ತಂತಿ ಸುತ್ತಿ ಅದನ್ನು ಸುಮ್ಮನಿರಿಸಿದ್ದರು. ನಾನು ಬಾಗಿಲು ತೆರೆದು ಕಾಲಿಟ್ಟೆ, ಲಿಫ್ಟಿನ ಪೆಟ್ಟಿಗೆ ಆಗಲೇ ಮೇಲೆ ಹೋಗಿತ್ತು. ಬಿದ್ದದ್ದು ಒಂದೇ ಮಹಡಿ. ಬೆನ್ನಿಗೆ ಅಷ್ಟೇ ಸಾಕಾಯಿತು.

ಈಗ ಗಾಲಿಕುರ್ಚಿಯಲ್ಲಿ ಕೂರುತ್ತೇನೆ. ಊರುಗೋಲು ಹಿಡಿದು ಕಾರಿಡಾರಿನ ಕೊನೆಯವರೆಗೆ ಹೋಗಿ ಬರುತ್ತೇನೆ. ಮೆಟ್ಟಿಲು ಮಾತ್ರ ಬಹಳ ಕಷ್ಟ, ಇಬ್ಬರು ಹಿಡಿದರೆ ಒಂದೊಂದಾಗಿ. ಕಂಪನಿ ಪರಿಹಾರ ಕೊಟ್ಟಿತು, ಅದು ಇಲ್ಲಿಯ ಖರ್ಚಿಗೆ ಸರಿಯಾಗಿ ಕರಗುತ್ತಿದೆ. ನೋಂದಣಿಗೆ ನಾನು ಎಲ್ಲಿಗೂ ಹೋಗಲಿಲ್ಲ. ಅರ್ಜಿ ಕೊಟ್ಟರೆ ಅವರೇ ಹಾಸಿಗೆಯ ಹತ್ತಿರ ಬರುತ್ತಾರೆ. ಪಕ್ಕದ ಹಾಸಿಗೆಯವರು ಸಾಕ್ಷಿ ಹಾಕಿದರು. ನಗು ಬರದವರು ಎಂದು ಬರೆದಿದ್ದೆನಲ್ಲ, ಅವರೇ.

ಹೇಳಲಿಲ್ಲ ಯಾಕೆಂದರೆ ನೀನು ಅಂಗಡಿ ಮುಚ್ಚಿ ಓಡಿ ಬರುತ್ತಿದ್ದೆ. ಅಮ್ಮನನ್ನೂ ಅಪ್ಪನನ್ನೂ ಹಾಸಿಗೆಯಲ್ಲಿ ನೋಡಿಕೊಂಡವಳು ನೀನೊಬ್ಬಳೇ. ಮೂರನೆಯದು ಬೇಡ ಅನ್ನಿಸಿತು.

ಅರ್ಧ ಬಿಟ್ಟುಕೊಟ್ಟದ್ದಕ್ಕೆ ಮೌನಿಯ ಮಾತು ಒಂದು ಕಾರಣ, ಸುಳ್ಳು ಹೇಳುವುದಿಲ್ಲ, ಅದು ಚುಚ್ಚಿತು. ಆದರೆ ನಿನ್ನ ಅರ್ಧದಲ್ಲಿ ಮನೆ ಬರುವುದಿಲ್ಲ, ನನ್ನ ಅರ್ಧದ ಬಗ್ಗೆ ಏನೋ ಯೋಚನೆ ಇದೆ ಎಂದು ಬರೆದಿದ್ದೆ. ಬಾಯಿಬಿಟ್ಟು ಕೇಳಲು ನಿನಗೆ ಸಂಕೋಚ ಎಂದುಕೊಂಡೆ. ಕೇಳುವ ಕಷ್ಟ ನಿನಗೆ ಬೇಡ ಎಂದು ಮೊದಲೇ ಕೊಟ್ಟೆ. ತೆರಿಗೆಯ ವಿಷಯವನ್ನು ನಿನ್ನ ಕಾಗದದಲ್ಲಿ ಓದಿದ್ದೆ, ಒಳಗೆ ಹೋಗಲಿಲ್ಲ. ಕೊಟ್ಟರೆ ನಿನಗೆ ಹೆಚ್ಚಾಗುತ್ತದೆ ಅನ್ನುವುದೊಂದೇ ತಲೆಯಲ್ಲಿತ್ತು, ಕೊಟ್ಟದ್ದರಿಂದಲೇ ಕಡಿಮೆಯಾಗಬಹುದು ಎಂದು ಹೇಗೆ ತಿಳಿಯಬೇಕು?

ತಮ್ಮ


ಜೂನ್ 21

ತಮ್ಮಾ,

ಎರಡನೇ ಕೋಣೆ ನಿನಗಾಗಿತ್ತು.

ಇದನ್ನು ಜನವರಿಯಲ್ಲೇ ಬರೆದಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ. ಬರೆಯಲಿಲ್ಲ, ಯಾಕೆಂದರೆ ನೀನು ಬೇಡ ಎಂದು ಒಂದು ಸಾಲಿನಲ್ಲಿ ಮುಗಿಸುತ್ತೀಯ ಎಂದು ಗೊತ್ತಿತ್ತು. ಎದುರಿಗೆ ಕೂರಿಸಿಕೊಂಡು, ಇಬ್ಬರ ಅರ್ಧವನ್ನೂ ಸೇರಿಸಿ ಮನೆ ತಗೊಳ್ಳೋಣ, ಮುದುಕರಾದ ಮೇಲೆ ಇಬ್ಬರೂ ಒಂದೇ ಕಡೆ ಜಗಳವಾಡೋಣ, ಅನ್ನಬೇಕೆಂದಿದ್ದೆ.

ಬಾಯ್ಲರ್ ಬಗ್ಗೆ ಬರೆದದ್ದೂ ನಿಜವಲ್ಲ. ಬಾಯ್ಲರ್ ಚೆನ್ನಾಗಿಯೇ ಇತ್ತು. ಮಧ್ಯಾಹ್ನದ ಹೊತ್ತಿಗೆ ನಿಂತುಬಿಡುತ್ತಿದ್ದದ್ದು ನನ್ನ ಕಾಲು. ರಕ್ತನಾಳ ಗಂಟುಕಟ್ಟಿವೆ. ತಲೆ ಅಲ್ಲಾಡಿಸಿದವರು ರಿಪೇರಿಯವರಲ್ಲ, ಡಾಕ್ಟರು. ಇಬ್ಬರೂ ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು ಅನ್ನುವುದಕ್ಕೆ ಬೇರೆ ಪುರಾವೆ ಬೇಡ.

ಇನ್ನೊಂದು ತಪ್ಪನ್ನೂ ತಿದ್ದುತ್ತೇನೆ. ನೀನು ಲಾಂಡ್ರಿಗೆ ದುಡಿದವನಲ್ಲ ಎಂದು ನೀನೇ ಬರೆದೆ, ನಾನು ಸುಮ್ಮನಿದ್ದೆ. ಒದ್ದೆ ಬಟ್ಟೆಯ ಬುಟ್ಟಿ ಟೆರೇಸಿಗೆ ಏರಿಸಲು ನೀನು ಮೋಟಾರು, ಚೈನು ತಂದು ಮಾಡಿಕೊಟ್ಟ ಸಣ್ಣ ಲಿಫ್ಟ್ ಕೊನೆಯ ದಿನದವರೆಗೂ ನಡೆಯಿತು. ಅದಿಲ್ಲದಿದ್ದರೆ ನನ್ನ ಕಾಲು ಹತ್ತು ವರ್ಷ ಮೊದಲೇ ಹೋಗುತ್ತಿತ್ತು. ಅದರ ಖರ್ಚನ್ನೂ ಲಾಭದಲ್ಲಿ ಕಳೆಯಿರಿ ಎಂದು ಮಾಮನಿಗೆ ಹೇಳಿದೆ. ರಸೀದಿ ಕೇಳಿದರು. ತಮ್ಮ ಅಕ್ಕನಿಗೆ ರಸೀದಿ ಕೊಡುತ್ತಾನಾ?

ಈಗ ಮನೆಯ ವಿಷಯ. ಕೈಯಲ್ಲಿ ಉಳಿದದ್ದಕ್ಕೆ ಎರಡು ದಾರಿ ಇತ್ತು. ಒಂದು, ನೆಲಮಟ್ಟದಲ್ಲಿ ಒಂದೇ ಕೋಣೆ. ಇನ್ನೊಂದು, ಮಾರುಕಟ್ಟೆಯ ಹಿಂದಿನ ಹಳೆಯ ಕಟ್ಟಡದಲ್ಲಿ ಮೂರನೇ ಮಹಡಿ, ಎರಡು ಕೋಣೆ, ಒಳ್ಳೆಯ ಬೆಳಕು. ಅಗ್ಗ, ಯಾಕೆಂದರೆ ಅಲ್ಲಿಯ ಲಿಫ್ಟ್ ನಿಂತು ಬಹಳ ವರ್ಷವಾಗಿದೆ. ಬಾಗಿಲಿಗೆ ಅಡ್ಡ ಹಲಗೆ ಹೊಡೆದಿದ್ದಾರೆ. ಒಳಗೆ ಯಾರದೋ ಸೈಕಲ್ಲು. ಹೊಸದು ಹಾಕಿಸಲು ಕಟ್ಟಡದವರಲ್ಲಿ ಹಣವಿಲ್ಲ, ಹಳೆಯದನ್ನು ಮುಟ್ಟಲು ಯಾವ ಕಂಪನಿಯೂ ಬರುವುದಿಲ್ಲ.

ನಿನ್ನ ಕಾಗದ ಬಂದದ್ದು ಬುಧವಾರ. ಮೂರನೇ ಮಹಡಿಗೆ ಮುಂಗಡ ಕೊಟ್ಟದ್ದು ಶುಕ್ರವಾರ.

ಹುಚ್ಚು ಅನ್ನಬೇಡ. ಮೌನಿಯೂ ಅದನ್ನೇ ಅಂದ. “ಅಕ್ಕಾವ್ರೇ, ನಿಮ್ಗೆ ಹತ್ತೋಕಾಗಲ್ಲ, ಅವ್ರಿಗೆ ಹತ್ತೋಕಾಗಲ್ಲ, ಇಬ್ರೂ ಸೇರಿ ಮೂರನೇ ಮಹಡಿ ತಗೊಂಡಿದ್ದೀರಿ. ಗಗನಕ್ಕೇ ಹೋಗ್ಬಿಡಿ.” ಅಂದವನು ಅವನೇ ನನ್ನನ್ನು ಕೈಹಿಡಿದು ಟೆರೇಸಿನ ಮೋಟಾರು ಕೋಣೆಯವರೆಗೆ ಹತ್ತಿಸಿದ. ದಾರಿಯಲ್ಲಿ ನಾಲ್ಕು ಸಲ ಕೂತೆ. ಅಲ್ಲಿಯ ತಗಡಿನ ಫಲಕದಲ್ಲಿದ್ದದ್ದನ್ನೆಲ್ಲ ಬೇರೆ ಹಾಳೆಯಲ್ಲಿ ಬರೆದಿದ್ದೇನೆ. ಮೋಟಾರಿಗೆ ಧೂಳು ಬಿಟ್ಟರೆ ತುಕ್ಕಿಲ್ಲ. ಹಗ್ಗಗಳಿಗೆ ಗ್ರೀಸು ಒಣಗಿದೆ, ಎಳೆ ಎಲ್ಲೂ ಕಿತ್ತಿಲ್ಲ. ನಿನ್ನ ಸಣ್ಣ ಲಿಫ್ಟಿಗೆ ಇಷ್ಟು ವರ್ಷ ಎಣ್ಣೆ ಹಾಕಿದವಳು ನಾನು, ಅಷ್ಟು ನೋಡಲು ಬರುತ್ತದೆ.

ನಿನಗೆ ಏನು ತೋರುತ್ತದೆ, ಬರೆ.

ಅಕ್ಕ


ಜುಲೈ 9

ಅಕ್ಕಾ,

ಹುಚ್ಚು ಅನ್ನುವುದಿಲ್ಲ. ಅನ್ನುವುದಕ್ಕೆ ತಡವಾಗಿದೆ.

ಫಲಕದ ವಿವರ ನೋಡಿದೆ. ಆ ತಯಾರಿಕೆಯ ಲಿಫ್ಟ್ ನನಗೆ ಚೆನ್ನಾಗಿ ಗೊತ್ತು. ಎತ್ತುಗಳಿದ್ದ ಹಾಗೆ, ನಿಧಾನ, ಆದರೆ ಸಾಯುವುದಿಲ್ಲ. ಪರವಾನಗಿ ಇರುವ ಮೆಕ್ಯಾನಿಕ್ ಒಬ್ಬ ಎದುರಿಗೆ ಇರಲೇಬೇಕು. ನನ್ನ ಜೊತೆ ಕೆಲಸ ಕಲಿತವನೊಬ್ಬ ನಿಮ್ಮ ಊರಿನಲ್ಲೇ ಇದ್ದಾನೆ, ವಿಳಾಸ ಕೆಳಗಿದೆ. ಅವನಿಗೆ ಉದ್ದಮೂಗ ಎಂದರೆ ಸಿಟ್ಟು ಬರುತ್ತದೆ, ಅನ್ನಬೇಡ. ನಾನು ಹೇಳಿದೆ ಎಂದರೆ ಕೂಲಿಯಷ್ಟೇ ತಗೊಂಡು ಬರುತ್ತಾನೆ. ಹಳೆಯ ಯಂತ್ರ, ಬರುವುದಿಲ್ಲ ಅಂದರೆ ಈ ಕಾಗದವನ್ನೇ ಕೈಗೆ ಕೊಡು.

ಮೊದಲು ಮುಖ್ಯ ಸ್ವಿಚ್ ಆಫ್. ಆಮೇಲೆ ಪ್ರತಿ ಮಹಡಿಯ ಬಾಗಿಲಿನ ಸ್ವಿಚ್ ಬಿಚ್ಚಿ, ಕರೆಂಟು ದಾಟಿಸುವ ಒಳಗಿನ ಲೋಹದ ಮುಳ್ಳುಗಳನ್ನು ನಯವಾದ ಉಪ್ಪುಕಾಗದದಿಂದ ಉಜ್ಜಬೇಕು. ಇಂಥ ಲಿಫ್ಟ್ ಹತ್ತಕ್ಕೆ ಎಂಟು ನಿಲ್ಲುವುದು ಅದೊಂದರಿಂದಲೇ. ಒಂದು ಮುಳ್ಳಿಗೆ ಕಿಲುಬು ಹತ್ತಿದರೂ ಇಡೀ ಯಂತ್ರ ಬಾಗಿಲು ತೆರೆದಿದೆ ಎಂದು ತಿಳಿದು ಸುಮ್ಮನೆ ನಿಲ್ಲುತ್ತದೆ. ಜನ ಕೆಟ್ಟಿದೆ ಎಂದು ಹಲಗೆ ಹೊಡೆಯುತ್ತಾರೆ. ಅದು ಕಾಯುತ್ತಿರುತ್ತದೆ, ಅಷ್ಟೇ.

ಯಾವ ಸ್ವಿಚ್‌ಗೂ ಯಾರೂ ತಂತಿ ಸುತ್ತಬಾರದು. ಬೇಗ ಆಗುತ್ತದೆ ಎಂದು ಉದ್ದಮೂಗ ಹೇಳಿದರೂ ಸರಿ, ನೀನು ಅಲ್ಲಿಯೇ ನಿಂತು ನೋಡಬೇಕು. ನಿಲ್ಲಲು ಆಗದಿದ್ದರೆ ಮೌನಿಯನ್ನು ನಿಲ್ಲಿಸು. ಇದೊಂದು ಮಾತು ನನಗಾಗಿ.

ಅದು ನಡೆದರೂ ನಾನು ಬರುತ್ತೇನೆ ಎಂದು ಇದರಲ್ಲಿ ಬರೆಯುತ್ತಿಲ್ಲ. ನಿನ್ನ ಕಾಲಿಗೆ ಲಿಫ್ಟ್ ಬೇಕು, ಅದಕ್ಕೆ ಹೇಳುತ್ತಿದ್ದೇನೆ. ನಾನು ಬಂದರೆ ನಿನಗೆ ಮತ್ತೊಂದು ಹಾಸಿಗೆಯ ಕೆಲಸ. ಇಲ್ಲಿ ಮಾಡುವವರಿದ್ದಾರೆ.

ತಮ್ಮ


ಸೆಪ್ಟೆಂಬರ್ 1

ತಮ್ಮಾ,

ತೆರಿಗೆ ಕಟ್ಟಿ ಬಂದೆ. ಆ ಖಾತೆ ಖಾಲಿಯಾಯಿತು. ಮಾಮ ರಸೀದಿಯನ್ನು ಎರಡು ಸಲ ನೋಡಿ ಮಡಚಿ ಕೊಟ್ಟರು. ಅಪ್ಪನ ಲೀಸಿನ ಕೊನೆಯ ಕೆಲಸ ಮುಗಿಯಿತು ಅಂದರು. ಅವರ ಶುಲ್ಕ ಕೇಳಿದೆ. “ನಿನ್ನ ತಮ್ಮ ಬಂದಾಗ ಅವನ ಹತ್ರ ತಗೋತೀನಿ, ಒಂದು ಮಾತು ಕೇಳದೇ ಇದ್ದದ್ದಕ್ಕೆ,” ಅಂದರು. ಆ ಸಾಲ ನಾನು ತೀರಿಸುವಂತಿಲ್ಲ.

ಮೂರನೇ ಮಹಡಿಗೆ ಸಾಮಾನು ಬಂದು ಹತ್ತು ದಿನವಾಯಿತು. ಉದ್ದಮೂಗ ಬಂದಿದ್ದರು. ನಾನು ಆ ಹೆಸರು ಅನ್ನಲಿಲ್ಲ, ಮೌನಿ ಬಾಗಿಲಲ್ಲೇ ಅಂದ. ಆದರೂ ಕೆಲಸ ಮಾಡಿದರು. ನಿನ್ನ ಕಾಗದವನ್ನು ಮೋಟಾರಿನ ಮೇಲೆ ಅಂಟಿಸಿಕೊಂಡು ಸಾಲು ಸಾಲಾಗಿ ಮಾಡಿದರು. ಮುಳ್ಳುಗಳನ್ನು ಉಜ್ಜಿದವಳು ನಾನು, ಸ್ಟೂಲಿನ ಮೇಲೆ ಕೂತು. ಮುಖ್ಯ ಸ್ವಿಚ್ ಹಾಕಿದಾಗ ಮೋಟಾರು ಮೊದಲು ಕೆಮ್ಮಿತು, ಆಮೇಲೆ ತಿರುಗಿತು. ಕಟ್ಟಡದವರೆಲ್ಲ ಬಾಗಿಲಿಗೆ ಬಂದರು. ಸೈಕಲ್ಲಿನವರು ಬಂದು ಸೈಕಲ್ಲು ತಗೊಂಡು ಹೋದರು.

ಎಲ್ಲೂ ತಂತಿ ಸುತ್ತಿಲ್ಲ. ನಾನು ನೋಡಿದ್ದೇನೆ.

ಒಂದು ಕೊರತೆ ಉಳಿದಿದೆ. ಲಿಫ್ಟ್ ಎರಡನೇ ಮಹಡಿಯವರೆಗೆ ಬರುತ್ತದೆ. ಮೂರರ ಬಟನ್ ಒತ್ತಿದರೆ ಕೇಳಿಸಿಕೊಳ್ಳುವುದೇ ಇಲ್ಲ. ಬಟನ್ನಿನ ಮಾತನ್ನು ಮೋಟಾರಿಗೆ ಮುಟ್ಟಿಸುವ ಆ ಮಹಡಿಯ ರಿಲೇ ಸುಟ್ಟಿದೆ, ಆ ಮಾದರಿ ಈಗ ತಯಾರಾಗುವುದಿಲ್ಲ ಎಂದು ಉದ್ದಮೂಗ ಹೇಳುತ್ತಾರೆ. ಅದನ್ನು ಕೈಯಿಂದ ಮತ್ತೆ ಕಟ್ಟಬಲ್ಲವನು ನೀನೊಬ್ಬನೇ ಎಂದೂ ಹೇಳುತ್ತಾರೆ. ಅಂಚೆಯಲ್ಲಿ ಕಳಿಸಲೇ ಎಂದು ಕೇಳಿದರು. ಕಳಿಸುವಂಥದಲ್ಲ ಅಂದೆ.

ಲೆಕ್ಕ ಹಾಕಿದರೆ ಈ ಗೊಂದಲದಲ್ಲಿ ನಾವಿಬ್ಬರೂ ಕಳೆದುಕೊಂಡದ್ದು ಒಂದು ಮಹಡಿಯ ಮೆಟ್ಟಿಲಷ್ಟೇ. ನಾನು ದಿನಾ ಒಮ್ಮೆ ಇಳಿದು ಒಮ್ಮೆ ಹತ್ತುತ್ತೇನೆ. ನಡುವೆ ಒಮ್ಮೆ ಕೂರಬೇಕಾಗುತ್ತದೆ.

ಹಾಸಿಗೆಯ ಕೆಲಸದ ಬಗ್ಗೆ ಬರೆದೆ. ಅಮ್ಮ, ಅಪ್ಪ ಇಬ್ಬರನ್ನೂ ನೋಡಿಕೊಂಡೆ, ನಿಜ. ಆಗ ಎಂಟು ಗಂಟೆ ಅಂಗಡಿಯಲ್ಲೂ ನಿಲ್ಲುತ್ತಿದ್ದೆ. ಈಗ ಅಂಗಡಿಯಿಲ್ಲ. ಬೆಳಿಗ್ಗೆ ಎದ್ದರೆ ಯಾರ ಬಟ್ಟೆಯೂ ಕಾಯುತ್ತಿರುವುದಿಲ್ಲ. ಬೆಳಕು ಬೀಳುವ ಕೋಣೆ ಖಾಲಿ ಇದೆ, ಅದರ ಬಾಗಿಲು ಅಗಲ ಮಾಡಿಸಿದ್ದೇನೆ. ಗಾಲಿಕುರ್ಚಿ ದಾಟುತ್ತದಾ ಎಂದು ಮೌನಿ ಅಳೆದು ನೋಡಿದ. ನಿನ್ನ ಶರ್ಟನ್ನು ಇಸ್ತ್ರಿ ಮಾಡಿ ಅಲ್ಲಿಯ ಮೊಳೆಗೆ ತೂಗುಹಾಕಿದ್ದೇನೆ. ಗುರುತನ್ನು ಅಳಿಸಿಲ್ಲ. ಕೆಳಗೆ ಗೆರೆ ಇರುವುದು ಮನೆಗೆ ವಾಪಸು ಹೋಗಬೇಕಾದ ಬಟ್ಟೆಗೆ.

ಮೌನಿ, ಉದ್ದಮೂಗ ಇಬ್ಬರೂ ಸೇರಿದರೆ ಒಂದು ಮಹಡಿ ಹತ್ತಿಸಬಲ್ಲರು, ಒಂದೊಂದು ಮೆಟ್ಟಿಲಾಗಿ. ಅವಸರವಿಲ್ಲ. ಎರಡನೇ ಮಹಡಿಯಲ್ಲಿ, ಲಿಫ್ಟಿನ ಬಾಗಿಲಿನ ಎದುರು, ಎರಡು ಕುರ್ಚಿ ಹಾಕಿಟ್ಟಿದ್ದೇನೆ.

ನಿನ್ನ ಅಕ್ಕ